ಕಂಬಳಿ ಹೊಲಿದ ಪರದೆ

ಗಂಜಿ ಕೈ ಸುಡುವಷ್ಟು ಬಿಸಿಯಿರುವಾಗಲೇ ಬಟ್ಟೆ ಅದ್ದಬೇಕು. ಆರಿದರೆ ಗಂಟು ಕಟ್ಟುತ್ತದೆ, ಆ ಗಂಟು ರುಮಾಲಿನ ಮೇಲೆ ಮಚ್ಚೆಯಾಗಿ ಕೂರುತ್ತದೆ. ಮಾವ ಮುನಿವೆಂಕಟಯ್ಯ ರುಮಾಲನ್ನು ತಲೆಗೆ ಸುತ್ತುವ ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡುವವರು. ಅಂಜಿನಮ್ಮ ಒಂದನ್ನು ಹಿಂಡಿ ತಂತಿಯ ಮೇಲೆ ಹರವಿ, ಎರಡನೆಯದನ್ನು ಬೋಸಿಗೆ ಇಳಿಸಿದ್ದಳು. ಮೊಣಕೈವರೆಗೆ ಗಂಜಿ ಮೆತ್ತಿತ್ತು. ಆಗ ಹಿತ್ತಿಲ ಬಾಗಿಲಿಗೆ ಅವಳ ಮೈದುನ ಪಿಳ್ಳಣ್ಣ ಬಂದು ನಿಂತ.

"ಅತ್ತಿಗೆ, ಮಿಷನ್ ಓಡ್ತು," ಎಂದ.

ಅವನ ಕೈಯೆಲ್ಲ ಎಣ್ಣೆ. ಜಕ್ಕೂರಿನ ವಿಮಾನದ ಶೆಡ್ಡಿನಲ್ಲಿ ಫಿಟ್ಟರ್ ಕೆಲಸ ಅವನದು. ಹೋದ ವರ್ಷ ಶಿವಾಜಿನಗರದ ಗುಜರಿಯಲ್ಲಿ, ತಾಜುದ್ದೀನ್ ಎಂಬುವರ ಅಂಗಡಿಯಿಂದ, ಸಿನಿಮಾ ತೋರಿಸುವ ಒಂದು ಹಳೆಯ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಒಳಗಿನ ಹಲ್ಲುಚಕ್ರ ಮುರಿದಿತ್ತು, ಸ್ಪೀಕರಿನ ಪೆಟ್ಟಿಗೆಯೇ ಇರಲಿಲ್ಲ. ಚಕ್ರವನ್ನು ಶೆಡ್ಡಿನಲ್ಲಿ ತಾನೇ ಅರದಿಂದ ತಿಕ್ಕಿ ಮಾಡಿಕೊಂಡ. ಸದ್ದನ್ನು ತಂತಿ ಎಳೆದು ಮನೆಯ ರೇಡಿಯೋದೊಳಗೆ ಬಿಟ್ಟ. ಅಪ್ಪ ಬೈದರು, ಅಣ್ಣ, ಅಂಜಿನಮ್ಮನ ಗಂಡ ಬೈರಣ್ಣ, ನಕ್ಕು ದ್ರಾಕ್ಷಿ ತೋಟಕ್ಕೆ ಹೋದ. ಹಜಾರದ ಮೂಲೆಯಲ್ಲಿ ಬಿದ್ದಿದ್ದ ಸ್ಕ್ರೂ, ಸ್ಪ್ರಿಂಗುಗಳನ್ನು ಗುಡಿಸಿಹಾಕದೆ ಹೆಕ್ಕಿ ಹೆಕ್ಕಿ ಬಟ್ಟಲಲ್ಲಿಟ್ಟವಳು ಅಂಜಿನಮ್ಮ ಒಬ್ಬಳೇ. ಅದಕ್ಕೇ ಅವನು ಸುದ್ದಿಯನ್ನು ಮೊದಲು ಅವಳ ಬಳಿಗೆ ತಂದಿದ್ದು.

ಗಾಂಧಿನಗರದ ಒಂದು ಫಿಲ್ಮ್ ಗೋಡೌನಿನಲ್ಲಿ ಅವನ ಸ್ನೇಹಿತ ಮಂಜೂರ್ ಕೆಲಸಕ್ಕಿದ್ದ. ಅವನು ಮಾಲೀಕರನ್ನು ಕೇಳಿ, ಒಂದು ಬುಟ್ಟಿ ದ್ರಾಕ್ಷಿಯ ಮಾತಿಗೆ, ಬರುವ ತಿಂಗಳ ಮೊದಲ ಭಾನುವಾರ ಪೂರ್ತಿ ಒಂದು ಕನ್ನಡ ಚಿತ್ರದ ಡಬ್ಬಿಗಳನ್ನು ಕೊಡಲು ಒಪ್ಪಿದ್ದ. ಈಗ ಬೇಕಾಗಿದ್ದು ಒಂದು ಪರದೆ. ಅಂಗಡಿಯ ಪರದೆ ಅವರ ಕೈಗೆಟುಕುವಂಥದ್ದಲ್ಲ. ಅತ್ತಿಗೆ ಒಂದು ಬಿಳಿ ಪಂಚೆ ಕೊಟ್ಟರೆ ಸಾಕು ಎಂದ.

"ಎಲ್ಲಿ ಕಟ್ತೀಯ?" ಎಂದು ಅವಳು ಕೇಳಿದಳು.

"ಜಗಲಿ ಕಂಬಕ್ಕೆ. ವ್ಯಾನಿನೋರು ಕಟ್ತಾರಲ್ಲ, ಅಲ್ಲೇ."

ಅವಳು ರುಮಾಲನ್ನು ಮತ್ತೆ ಗಂಜಿಯೊಳಗೆ ಒತ್ತಿದಳು. ಅದು ಆಗಲೇ ಚೆನ್ನಾಗಿ ನೆನೆದಿತ್ತು.

ವರ್ಷಕ್ಕೊಮ್ಮೆ ಊರಿಗೆ ಪ್ರಚಾರದ ವ್ಯಾನು ಬರುತ್ತಿತ್ತು. ಊರಿಗೆಲ್ಲ ದೊಡ್ಡ ಅಂಗಳ ಇವರದೇ ಆದ್ದರಿಂದ ಜಗಲಿಯ ಎರಡು ಕಂಬಗಳ ನಡುವೆ ತೆಳ್ಳನೆಯ ಬಟ್ಟೆ ಕಟ್ಟುತ್ತಿದ್ದರು. ಗಂಡಸರು ಅಂಗಳದಲ್ಲಿ, ಹೆಂಗಸರು ಬಟ್ಟೆಯ ಹಿಂದೆ ಜಗಲಿಯ ಮೇಲೆ. ಯಾರೂ ಕೂತು ತೀರ್ಮಾನಿಸಿದ ಪದ್ಧತಿಯಲ್ಲ. ಮೊದಲ ವರ್ಷ ಹಾಗೆ ಕೂತರು, ಆಮೇಲೆ ಅದೇ ಆಯಿತು. ಬೆಳಕು ಬಟ್ಟೆಯನ್ನು ತೂರಿ ಈಚೆಗೂ ಬರುತ್ತಿತ್ತಾದ್ದರಿಂದ ಯಾರಿಗೂ ಏನೂ ಕಮ್ಮಿಯಾದಂತೆ ಕಾಣುತ್ತಿರಲಿಲ್ಲ.

ಆದರೆ ಹಿಂದೆ ಕೂತವರಿಗೆ ಎಲ್ಲವೂ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಚಿತ್ರದ ಹೆಂಗಸರ ಸೆರಗು ಬಲ ಹೆಗಲಿನ ಮೇಲೆ ಇರುತ್ತಿತ್ತು. ಎಲೆಯ ಮುಂದೆ ಕೂತವರು ಎಡಗೈಯಲ್ಲಿ ಅನ್ನ ಕಲೆಸುತ್ತಿದ್ದರು. ಅತ್ತೆ ಲಕ್ಕಮ್ಮ ಅದನ್ನು ವರ್ಷ ವರ್ಷವೂ ನೋಡಿ, ಪೇಟೆಯವರು ಎಡಗೈಯಲ್ಲಿ ಉಣ್ಣುವ ಜನ ಎಂದು ನಂಬಿಬಿಟ್ಟಿದ್ದಳು. ಮಲ್ಲೇಶ್ವರದ ಕಡೆಯಿಂದ ಪಿಳ್ಳಣ್ಣನಿಗೆ ಸಂಬಂಧ ಬಂದಾಗ, ಹುಡುಗಿ ಯಾವ ಕೈಯಲ್ಲಿ ಉಣ್ಣುತ್ತಾಳೆ ನೋಡಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದಳು. ಆ ಸಂಬಂಧ ಮುಂದುವರಿಯಲಿಲ್ಲ.

ಅಂಜಿನಮ್ಮ ಯಲಹಂಕದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಮೊದಲ ವರ್ಷವೇ ಪರದೆಯ ಮೇಲಿನ ಅಕ್ಷರಗಳು ತನಗೆ ಬೆನ್ನು ಮಾಡಿ ನಿಂತಿದ್ದನ್ನು ಕಂಡಳು. ಕನ್ನಡ ಎಂದು ಗೊತ್ತಾಗುತ್ತಿತ್ತು, ಓದಲು ಹೋದರೆ ಕೈಗೆ ಸಿಗುತ್ತಿರಲಿಲ್ಲ. ತಪ್ಪು ಎಲ್ಲಿದೆ ಎಂದು ಅವಳಿಗೆ ತಿಳಿಯಿತು, ಹೇಳಲಿಲ್ಲ. ಅಕ್ಷರ ತಿರುಗಿದೆ ಎಂದರೆ ನಾವು ಕೂತ ಜಾಗ ಸರಿಯಿಲ್ಲ ಎಂದಂತೆ. ಸೊಸೆಯಾಗಿ ಬಂದು ಹದಿನೈದು ವರ್ಷವಾಗಿ, ಎರಡು ಹೆರಿಗೆಯಾದ ಮೇಲೂ ಆ ಮಾತು ಅವಳ ಬಾಯಿಗೆ ಬಂದಿರಲಿಲ್ಲ. ಆಸೆ ಮಾತ್ರ ಇತ್ತು. ಒಂದು ಸಲ, ಒಂದೇ ಒಂದು ಸಲ, ಮುಂದೆ ಕೂತು ನೋಡಬೇಕು. ಬರುವ ಹೆಸರುಗಳನ್ನು ಬಂದ ಹಾಗೆ ಓದಬೇಕು.

ಪಂಚೆ ಕಟ್ಟಿ ನೋಡಿದ ಸಂಜೆ ಪಿಳ್ಳಣ್ಣನ ಮುಖ ಇಳಿದುಹೋಯಿತು. ಪರೀಕ್ಷೆಗೆಂದು ಅವನ ಬಳಿ ಒಂದು ತುಂಡು ರೀಲಿತ್ತು, ಯಾವುದೋ ಅಣೆಕಟ್ಟಿನ ಮೇಲೆ ನೀರು ಧುಮುಕುವುದು. ಪಂಚೆಯ ಮೇಲೆ ನೀರೂ ಕಲ್ಲೂ ಒಂದೇ ಬೂದಿ ಬಣ್ಣ. ಮಿಷನ್ನಿಗೆ ಹಾಕಬೇಕಾದ ಬಲ್ಬು ಸಿಕ್ಕದೆ ಸಣ್ಣದನ್ನು ಹಾಕಿದ್ದ. ಅವನು ಪಂಚೆಯ ಹಿಂದೆ ಹೋಗಿ ಕೈ ಒಡ್ಡಿದ. ಅಂಗೈ ತುಂಬ ಬೆಳಕು.

"ಅರ್ಧ ಬೆಳಕು ಹೆಂಗಸರ ಕಡೆಗೇ ಹೊರಟೋಗ್ತಿದೆ ಅತ್ತಿಗೆ," ಎಂದ. "ಇಷ್ಟು ಬಲ್ಬಿನಲ್ಲಿ ಎರಡು ಕಡೆಗೂ ಹಂಚಕ್ಕಾಗಲ್ಲ."

ಆ ಮಾತಿನಲ್ಲಿ ಅವನು ಬೇರೇನನ್ನೂ ಇಟ್ಟಿರಲಿಲ್ಲ. ಬೆಳಕಿನ ಲೆಕ್ಕವನ್ನಷ್ಟೇ ಹೇಳಿದ್ದ.

ಬಟ್ಟೆಯ ಕೆಲಸ ನನಗೆ ಬಿಡು ಎಂದು ಅಂಜಿನಮ್ಮ ಹೇಳಿದಳು. ಸಂತೆಯಿಂದ ಒತ್ತಾದ ಕೋರಾ ಬಟ್ಟೆ ತರಿಸಿ, ಮೊದಲು ಒಗೆದು ಕುಗ್ಗಿಸಿದಳು. ಒಂದು ಪನ್ನದ ಅಗಲ ಸಾಲದೆ ಎರಡು ಪನ್ನ ಜೋಡಿಸಬೇಕಿತ್ತು. ಎದುರು ಬೀದಿಯ ಫರೀದಾ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಅವಳ ಬಳಿ ತೆಗೆದುಕೊಂಡು ಹೋದಾಗ ಅವಳು ಬಟ್ಟೆಯನ್ನು ನೆಲದ ಮೇಲೆ ಹಾಸಿ ಗೇಣು ಹಾಕಿ ಅಳೆದು ನೋಡಿದಳು.

"ಎರಡು ಪನ್ನ ಹಂಗೇ ಜೋಡಿಸಿದ್ರೆ ಹೊಲಿಗೆ ನಡುಮಧ್ಯ ಬರ್ತದೆ ಅಕ್ಕ," ಎಂದಳು. "ಹೀರೋ ಮೂಗು ಸೀಳ್ತದೆ. ಒಂದು ಪನ್ನ ಉದ್ದಕ್ಕೆ ಎರಡು ಮಾಡಿ ಆಚೆ ಈಚೆ ಹಾಕೋಣ. ಮೂಗು ಉಳೀತದೆ, ಕಿವಿ ಹೋದ್ರೆ ಹೋಗ್ಲಿ."

ಹೊಲಿದ ಬಟ್ಟೆಯನ್ನು ಹಿತ್ತಿಲಲ್ಲಿ ಬಿದಿರ ಗಳಗಳಿಗೆ ಬಿಗಿದು ಅಂಜಿನಮ್ಮ ಕೆಲಸ ಶುರುಮಾಡಿದಳು. ಮೊದಲು ಗಂಜಿಗೆ ಸುಣ್ಣ ಕಲಸಿ ಬಳಿದಳು. ಒಣಗಿದ ಮೇಲೆ ಅದು ಕೆರೆಯ ಕೆಸರಿನಂತೆ ಬಿರುಕುಬಿಟ್ಟು ಪುಡಿಪುಡಿಯಾಗಿ ಉದುರಿತು. ಒಗೆದು ಮತ್ತೆ ಮೊದಲಿನಿಂದ ಹಿಡಿದಳು. ಈ ಸಲ ಸೀಮೆಸುಣ್ಣವನ್ನು ಒರಳಿನಲ್ಲಿ ನುಣ್ಣಗೆ ಅರೆದು, ಜಾಲಿ ಅಂಟನ್ನು ಕುದಿಸಿ ಗಂಜಿಗೆ ಸೇರಿಸಿದಳು. ಅಡ್ಡಕ್ಕೆ ಒಂದು ಕೈ, ಒಣಗಿದ ಮೇಲೆ ಉದ್ದಕ್ಕೆ ಒಂದು ಕೈ. ಬಲ್ಬಿನ ಬೆಳಕು ಹಳದಿ ಎಂದು ಪಿಳ್ಳಣ್ಣ ಗೊಣಗಿದ್ದು ನೆನಪಾಗಿ, ಕೊನೆಯ ಕೈಗೆ ಒಂದು ಚಿಟಿಕೆ ನೀಲಿ ಹಾಕಿದಳು. ಹಳದಿಗಟ್ಟಿದ ಪಂಚೆಗೆ ಹಾಕುವಷ್ಟೇ. ಮಡಿಸಿದರೆ ಗೆರೆ ಬೀಳುತ್ತದೆಂದು ಬಿದಿರಿಗೆ ಸುತ್ತಿಡುವ ವ್ಯವಸ್ಥೆಯನ್ನೂ ಮಾಡಿದಳು. ಲಕ್ಕಮ್ಮ ಹಿತ್ತಿಲಿಗೆ ಬಂದಾಗಲೆಲ್ಲ ಒಂದು ಮಾತು ಅಂದು ಹೋಗುತ್ತಿದ್ದಳು. "ಗ್ವಾಡೆಗೆ ಬಳಿಯೋದ್ ಬಿಟ್ಟು ಬಟ್ಟೆಗೆ ಸುಣ್ಣ ಬಳೀತಾವ್ಳೆ ನೋಡು ಇವ್ಳು."

ಅಣೆಕಟ್ಟಿನ ನೀರು ಈಗ ನೀರಿನ ಹಾಗೆಯೇ ಬಿತ್ತು. ಆದರೂ ಹಿಂದೆ ಕೈ ಒಡ್ಡಿದರೆ ಇನ್ನೂ ಒಂದಿಷ್ಟು ಬೆಳಕು ಸೋರುತ್ತಿತ್ತು. ಅದೂ ನಿಂತರೆ ಎಂದು ಪಿಳ್ಳಣ್ಣ ಆಸೆಯಿಂದ ಹೇಳಿದ. ಅಟ್ಟದ ಮೇಲೆ, ಮಾವ ತೋಟದ ಕಾವಲಿಗೆ ಹೊದೆಯುತ್ತಿದ್ದ ಎರಡು ಕರಿ ಕಂಬಳಿಗಳಿದ್ದವು. ಅಂಜಿನಮ್ಮ ಅವುಗಳನ್ನು ಇಳಿಸಿ ಧೂಳು ಕೊಡವಿದಳು. ಫರೀದಾಳ ಮಿಷನ್ನಿನ ಸೂಜಿ ಕಂಬಳಿಗೆ ಇಳಿಯುವುದಿಲ್ಲವಾದ್ದರಿಂದ ತಾನೇ ದಬ್ಬಣ ಹಿಡಿದು ಪರದೆಯ ಬೆನ್ನಿಗೆ ಹೊಲಿಯಲು ಕೂತಳು.

ಮೂರು ಅಂಚು ಮುಗಿದು ನಾಲ್ಕನೆಯದಕ್ಕೆ ಬಂದಾಗ ಕೈ ನಿಂತಿತು.

ಇದರ ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ.

ಇಷ್ಟು ಹೊತ್ತು ಅದು ಹೊಳೆದಿರಲಿಲ್ಲ ಎಂಬುದೇ ಅವಳಿಗೆ ಆಶ್ಚರ್ಯ. ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಿಳ್ಳಣ್ಣ ಮುಂದಿನಿಂದ ನೋಡುವವನು. ಮಾವ ಮೂರು ದಿನದ ಹಿಂದೆಯೇ ಹೇಳಿಯಾಗಿತ್ತು, ವ್ಯಾನು ಬಂದಾಗ ಹೇಗೆ ಕೂರುತ್ತಾರೋ ಹಾಗೇ ಕೂರಲಿ ಎಂದು. ಅವರು ಒಮ್ಮೆಯೂ ಆ ಹಿಂದಿನ ಜಾಗದಲ್ಲಿ ಕೂತವರಲ್ಲ. ಅಲ್ಲಿಗೆ ಬೆಳಕು ಹೇಗೆ ಬರುತ್ತದೆ ಎಂದು ಅವರು ಯಾಕೆ ಯೋಚಿಸಬೇಕು?

ಈಗ ಹೋಗಿ ಹೇಳಬಹುದು. ಹೇಳಿದರೆ ಕಂಬಳಿ ಬಿಚ್ಚು ಎನ್ನುತ್ತಾರೆ. ಬಳಿದದ್ದನ್ನೂ ಒಗೆದುಬಿಡು ಎನ್ನಬಹುದು. ಹೇಳದಿದ್ದರೆ ಭಾನುವಾರ ಹತ್ತಿಪ್ಪತ್ತು ಹೆಂಗಸರನ್ನು ಕಂಬಳಿಯ ಮುಂದೆ ಕೂರಿಸಿದಂತಾಗುತ್ತದೆ. ಬಂದ ಹೆಂಗಸರನ್ನು ಎಬ್ಬಿಸಿ ಮನೆಗೆ ಕಳಿಸಿದರೆ? ಅತ್ತೆ ಅವರೆಲ್ಲರೆದುರು ತನ್ನ ಮಾನ ತೆಗೆದರೆ? ದಬ್ಬಣಕ್ಕೆ ದಾರ ಪೋಣಿಸಿಕೊಂಡು ನಾಲ್ಕನೇ ಅಂಚನ್ನೂ ಹೊಲಿದು ಗಂಟು ಹಾಕಿದಳು.

ಭಾನುವಾರ ಮಧ್ಯಾಹ್ನ ಪಿಳ್ಳಣ್ಣ ಸೈಕಲ್ಲಿನ ಹಿಂದೆ ನಾಲ್ಕು ತಗಡಿನ ಡಬ್ಬಿಗಳನ್ನು ಕಟ್ಟಿಕೊಂಡು ಬಂದ. ಸಂಜೆಗೆ ಅಂಗಳ ತುಂಬಿತು. ಚಿಕ್ಕಬಾಣಾವರದಿಂದ ಲಕ್ಕಮ್ಮನ ತಮ್ಮ ಚಿಕ್ಕಬೈರಪ್ಪನೂ ಬಂದಿದ್ದ. ಮಾವ ಬಿಳಿ ರುಮಾಲು ಸುತ್ತಿ ನಡುವೆ ಕುರ್ಚಿ ಹಾಕಿಸಿಕೊಂಡರು. ಕಂಬಗಳ ನಡುವೆ ಪರದೆ ಒಂದೂ ಸುಕ್ಕಿಲ್ಲದೆ ನಿಂತಿತ್ತು, ಕೆಳಗೆ ರೇಡಿಯೋ. ಬಂದವರೆಲ್ಲ ಅದನ್ನು ಬೆರಳಿನಿಂದ ಮುಟ್ಟಿ ನೋಡುವವರೇ. ಮುಟ್ಟಬೇಡಿ ಎಂದು ಪಿಳ್ಳಣ್ಣ ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದ್ದ.

ಹೆಂಗಸರು ಎಂದಿನಂತೆ ಜಗಲಿಯ ಮೇಲೆ ಚಾಪೆ ಹಾಸಿ ಕೂತರು. ಕಂಬಳಿ ಯಾಕೆ ಎಂದು ಒಬ್ಬರು ಕೇಳಿದರು. ಚಳಿಗೆ ಇರಬೇಕು ಎಂದು ಇನ್ನೊಬ್ಬರು ನಕ್ಕರು. ಫರೀದಾ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿ, ಅಂಜಿನಮ್ಮನ ಪಕ್ಕ ಬಂದು ಕೂತಳು.

"ಗೊತ್ತಿದ್ದೇ ಮಾಡಿದ್ದಾ ಅಕ್ಕ?" ಎಂದು ಪಿಸುಗುಟ್ಟಿದಳು.

ಅಂಜಿನಮ್ಮ ಚಾಪೆಯ ತುದಿಯನ್ನು ಅವಳ ಕಡೆಗೆ ಸರಿಸಿದಳು.

ಮಿಷನ್ನಿನ ಟಕಟಕ ಶುರುವಾಯಿತು. ರೇಡಿಯೋದಿಂದ ವಾದ್ಯಗಳು ಮೊಳಗಿದವು. ಅಂಗಳದಿಂದ ಒಂದು ಉದ್ಗಾರ ಎದ್ದಿತು, ಎಲ್ಲ ಗಂಡಸರೂ ಒಟ್ಟಿಗೆ ಉಸಿರೆಳೆದುಕೊಂಡ ಹಾಗೆ. ಜಗಲಿಯ ಮೇಲೆ ಕತ್ತಲೆ. ಇನ್ನೇನು ಬರುತ್ತದೆ ಎಂದು ಹೆಂಗಸರು ಕಾದರು. ವಾದ್ಯ ನಿಂತು ಯಾರೋ ಮಾತಾಡತೊಡಗಿದರು. ಗಂಡಸರು ನಕ್ಕರು. ಹೆಂಗಸರು ಕಂಬಳಿಯನ್ನೇ ನೋಡುತ್ತಿದ್ದರು.

"ಏನಮ್ಮಿ ಇದು," ಎಂದಳು ಲಕ್ಕಮ್ಮ. ಮೊದಲು ಮೆಲ್ಲಗೆ. ಆಮೇಲೆ ಅಂಗಳಕ್ಕೆ ಕೇಳುವಂತೆ, "ಏ ಪಿಳ್ಳ. ಈ ಕಡೀಕೆ ಏನೂ ಕಾಣ್ತಿಲ್ಲ ಕಣೋ."

ಟಕಟಕ ನಿಂತಿತು. ಪಿಳ್ಳಣ್ಣ ಓಡಿಬಂದು ಜಗಲಿ ಹತ್ತಿ, ಕಂಬಳಿಯ ಮುಂದೆ ಸಾಲಾಗಿ ಕೂತ ಹೆಂಗಸರನ್ನು ಕಂಡು ಹಣೆಗೆ ಕೈ ಹಚ್ಚಿಕೊಂಡ. ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅಂಗಳದಲ್ಲಿ ಯಾರೋ ಛೇಡಿಸಿದರು. ಮಾವ ಕುರ್ಚಿಯಿಂದಲೇ, ಕಂಬಳಿ ಬಿಚ್ಚಿ ಬಿಸಾಕಿ ಎಂದರು. ಬೈರಣ್ಣ ಕುಡುಗೋಲು ಹಿಡಿದು ಮೆಟ್ಟಿಲು ಹತ್ತಿದ.

ಅಂಜಿನಮ್ಮ ಎದ್ದು ನಿಂತಳು. ಗಂಡನ ಎದುರಿಗಲ್ಲ, ಪರದೆಯ ಪಕ್ಕಕ್ಕೆ, ಮಾವನಿಗೆ ಕಾಣುವ ಕಡೆ. ಅಷ್ಟು ಜನರೆದುರು ಅವಳು ಎಂದೂ ಬಾಯಿ ಬಿಟ್ಟವಳಲ್ಲ.

"ಬಿಚ್ಚಬೌದು ಮಾವ," ಎಂದಳು. "ಬಿಚ್ಚುದ್ರೆ ಬೆಳಕು ಆಚೆ ಓಯ್ತದೆ. ಈಗ ನೋಡುದ್ರಲ್ಲ, ಅಂಗೆ ಕಾಣಕ್ಕಿಲ್ಲ. ಹಿಂದ್ಗಡೆಗೂ ಕಾಣ್ಬೇಕಂದ್ರೆ ಬಳಿದಿರೋದ್ನೂ ತೊಳೀಬೇಕಾಯ್ತದೆ. ಆಗ ಇಬ್ಬರ್ಗೂ ಮಂಕು."

ಪಿಳ್ಳಣ್ಣ ಹೌದಪ್ಪ ಎಂದ. ಬಲ್ಬು ಸಣ್ಣದು, ಇದ್ದ ಬೆಳಕೆಲ್ಲ ಒಂದೇ ಕಡೆ ನಿಂತರೆ ಮಾತ್ರ ಹೀಗೆ.

ಮುನಿವೆಂಕಟಯ್ಯ ಪರದೆಯತ್ತ ನೋಡಿದರು. ಬರಿಯ ಬಿಳಿ. ಆದರೆ ಈಗಷ್ಟೇ ಅದರ ಮೇಲೆ ಅವರು ಒಂದು ಮುಖವನ್ನು, ಅದರ ಕಣ್ಣಿನ ಎವೆಗಳನ್ನು ಎಣಿಸಬಹುದಾದಷ್ಟು ಹತ್ತಿರದಿಂದ ನೋಡಿದ್ದರು. ವ್ಯಾನಿನ ಪರದೆಯಲ್ಲಿ ಅಂಥದ್ದನ್ನು ಅವರು ಕಂಡಿರಲಿಲ್ಲ. ಹಿಂದಿನಿಂದ ಯಾರೋ, ಬಿಚ್ಚೋದು ಬ್ಯಾಡ ಗೌಡ್ರೆ ಎಂದರು. ಮುನಿವೆಂಕಟಯ್ಯ ರುಮಾಲು ಸರಿಮಾಡಿಕೊಂಡರು. ಹೇಳಬೇಕಾದ ಮಾತು ಅವರ ಬಾಯಿಗೂ ಹೊಸದು.

ಅಷ್ಟರಲ್ಲಿ ಜಗಲಿಯ ಮೇಲೆ ಚಾಪೆ ಸುತ್ತುವ ಸದ್ದಾಯಿತು. ಲಕ್ಕಮ್ಮ ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು.

"ನಾನ್ ಕಂಬ್ಳಿ ನೋಡಕ್ ಕೂತಿಲ್ಲ," ಎಂದಳು. "ಮನೇಲಿ ದಿನಾ ನೋಡ್ತೀನಿ ಅದ್ನ. ಏಯ್ ಚಿಕ್ಕಬೈರ, ಸರ್ಕೊ ಅತ್ಲಾಗೆ."

ಚಿಕ್ಕಬೈರಪ್ಪ ಅಕ್ಕನ ಮುಖ ನೋಡಿದ, ಬಾವನ ಮುಖ ನೋಡಿದ, ಸರಿದ. ಅವನು ಸರಿದದ್ದರಿಂದ ಪಕ್ಕದವನು ಸರಿಯಬೇಕಾಯಿತು. ಲಕ್ಕಮ್ಮ ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕೂತಳು. ಫರೀದಾ ಅವಳ ಹಿಂದೆಯೇ ಇಳಿದಳು. ಆಮೇಲೆ ಒಬ್ಬೊಬ್ಬರಾಗಿ, ಸೆರಗು ಎಳೆದುಕೊಳ್ಳುತ್ತ, ನಗು ತಡೆದುಕೊಳ್ಳುತ್ತ, ಎಲ್ಲ ಹೆಂಗಸರೂ. ಮುನಿವೆಂಕಟಯ್ಯ ಎದ್ದು, ತಮ್ಮ ಕುರ್ಚಿಯನ್ನು ತಾವೇ ಎತ್ತಿ ಬಲಕ್ಕೆ ಇಟ್ಟುಕೊಂಡರು.

"ಅವ್ರಿಗೆ ಜಾಗ ಬುಡ್ರೋ," ಎಂದರು. "ಮೊದ್ಲಿಂದ ಆಕೋ ಪಿಳ್ಳ."

ಅಂಜಿನಮ್ಮ ಕೊನೆಯವಳಾಗಿ ಇಳಿದು ಅತ್ತೆಯ ಪಕ್ಕ ಕೂತಳು. ಪಿಳ್ಳಣ್ಣ ರೀಲನ್ನು ಹಿಂದಕ್ಕೆ ಸುತ್ತುವಷ್ಟು ಹೊತ್ತು ಅವಳು ಪರದೆಯನ್ನೇ ನೋಡಿದಳು. ತಾನು ಅರೆದ ಸುಣ್ಣ, ತಾನು ಎಳೆದ ಕೈಗಳು. ಇಷ್ಟು ದೂರದಿಂದ ಒಂದೂ ಗೆರೆ ಕಾಣುತ್ತಿರಲಿಲ್ಲ.

ಬೆಳಕು ಬಂತು. ಅಕ್ಷರಗಳು ಬಂದವು, ಮುಖ ಮಾಡಿ.

ಮೊದಲ ಹೆಸರನ್ನು ಅವಳು ಮನಸ್ಸಿನಲ್ಲೇ ಓದಿದಳು. ಎರಡನೆಯದು ತುಟಿಯ ಮೇಲೆ ಬಂತು. ಏನಂತದೆ ಎಂದು ಲಕ್ಕಮ್ಮ ಕೇಳಿದಳು. ಅಂಜಿನಮ್ಮ ಹೇಳಿದಳು. ಹಿಂದಿನ ಸಾಲಿನವರು ನಮಗೂ ಹೇಳು ಎಂದರು. ಅವಳು ಧ್ವನಿ ಎತ್ತಿದಳು. ಸಂಗೀತದವರು, ಬಟ್ಟೆ ಹೊಲಿದವರು, ದೀಪ ಹಿಡಿದವರು, ಬಂದವರನ್ನೆಲ್ಲ ಓದಿದಳು. ಒಂದು ಒತ್ತಕ್ಷರದ ಬಳಿ ತಡವರಿಸಿದಾಗ ಆ ಹೆಸರು ಹೋಗಿಯೇಬಿಟ್ಟಿತು, ಮುಂದಿನದನ್ನು ಹಿಡಿದಳು. ಗಂಡಸರೂ ಮಾತಾಡದೆ ಕೇಳುತ್ತಿದ್ದರು. ಅವರಲ್ಲಿ ಓದಲು ಬರುವವರು ಇಬ್ಬರೋ ಮೂವರೋ. ಬೈರಣ್ಣ ತಿರುಗಿ ಹೆಂಡತಿಯನ್ನು ಒಮ್ಮೆ ನೋಡಿದ್ದು ಅವಳಿಗೆ ಕತ್ತಲಲ್ಲೂ ತಿಳಿಯಿತು.

ಎರಡನೇ ಡಬ್ಬಿಯಲ್ಲಿ ಒಂದು ಮದುವೆಯಿತ್ತು. ಉದ್ದನೆಯ ಪಂಕ್ತಿ, ಬಾಳೆಲೆ, ಬಡಿಸುವವರ ಓಡಾಟ. ಲಕ್ಕಮ್ಮ ಮುಂದಕ್ಕೆ ಬಾಗಿದಳು. ಅವಳ ಕೈ ತಾನಾಗಿಯೇ ಮೇಲೆದ್ದು, ಒಂದು ಸಲ ಪರದೆಯ ಕಡೆಗೂ ಒಂದು ಸಲ ತನ್ನ ಕಡೆಗೂ ತಿರುಗಿತು.

"ಬಲಗೈಲಿ ಉಣ್ತಾವ್ರಲ್ಲ ಕಣಮ್ಮಿ," ಎಂದಳು.

"ಊ ಅತ್ತೆ."

"ಇವ್ರು ಬೇರೆ ಜನವೋ?"

"ಅದೇ ಜನ. ನಾವು ಹಿಂದ್ಗಡೆಯಿಂದ ನೋಡ್ತಿದ್ವು."

ಪಂಕ್ತಿ ಮುಗಿದು, ಹೆಣ್ಣು ಅತ್ತು, ಗಾಡಿ ಹೊರಟು, ರೀಲು ಬದಲಾಯಿಸಲು ಮಿಷನ್ ನಿಂತಾಗ ಲಕ್ಕಮ್ಮ ಗಂಡನ ಕುರ್ಚಿಯ ಕಡೆಗೆ ತಿರುಗಿದಳು.

"ಅವ್ರು ಬಲಗೈಲೇ ಉಣ್ತಿದ್ರಂತೆ. ಇಷ್ಟ್ ವರ್ಷ ಒಂದ್ ಮಾತು ಹೇಳ್ಲಿಲ್ವಲ್ಲ ನೀವು."

"ಎಲ್ರೂ ಬಲಗೈಲೇ ಉಣ್ಣೋದು," ಎಂದರು ಮುನಿವೆಂಕಟಯ್ಯ. ಅವರಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

"ಮುಂದ್ ಕೂತಿದ್ದ ನಿಮ್ಗೆ," ಎಂದಳು ಲಕ್ಕಮ್ಮ. "ಆ ಮಲ್ಲೇಸ್ವರದ ಉಡ್ಗೀನ ಸುಮ್ನೆ ಬುಟ್ವಿ."

ಮಿಷನ್ನಿನ ಬಳಿ ಪಿಳ್ಳಣ್ಣನ ಕೈಯಿಂದ ಡಬ್ಬಿಯ ಮುಚ್ಚಳ ಜಾರಿ ಬಿತ್ತು. ಅಂಗಳಕ್ಕೆ ಅಂಗಳವೇ ನಕ್ಕಿತು. ಫರೀದಾ ಅಂಜಿನಮ್ಮನ ತೊಡೆಗೆ ಹೊಡೆದು ಹೊಡೆದು ನಕ್ಕಳು. ಅಂಜಿನಮ್ಮನೂ ನಕ್ಕಳು, ಬಾಯಿಗೆ ಸೆರಗು ಅಡ್ಡ ಹಿಡಿಯಲು ಮರೆತು.

ಚಿತ್ರ ಮುಗಿದ ಮೇಲೆ ಜನ ಪಿಳ್ಳಣ್ಣನ ಬೆನ್ನು ತಟ್ಟಿದರು. ಅವನು, ಮಿಷನ್ ಯಾರು ಬೇಕಾದ್ರೂ ಓಡಿಸಬಹುದು, ಪರದೆ ಅತ್ತಿಗೇದು ಎಂದು ಬಂದವರಿಗೆಲ್ಲ ಹೇಳಿದ. ಚಿಕ್ಕಬೈರಪ್ಪ ಪರದೆಯ ಮುಂದೆ ನಿಂತು ತಲೆದೂಗಿದ.

ಮರುದಿನ ಬೆಳಿಗ್ಗೆ ಊರಿಗೆ ಹೊರಡುವ ಮೊದಲು ಅವನು ಬಾವನ ಜೊತೆ ಕೂತು ಕಾಫಿ ಕುಡಿಯುತ್ತ ಮಾತು ತೆಗೆದ. ಮುಂದಿನ ತಿಂಗಳು ಅವನ ಮಗಳ ಮದುವೆ. ಚಪ್ಪರದಲ್ಲಿ ಒಂದು ಸಿನಿಮಾ ಹಾಕಿಸಿದರೆ ಚಿಕ್ಕಬಾಣಾವರಕ್ಕೆಲ್ಲ ಹೆಸರಾಗುತ್ತದೆ, ಮಿಷನ್ನೂ ಪರದೆಯೂ ಬೇಕು. ಆದರೆ ಗಂಡಿನ ಕಡೆಯವರು ಬರುತ್ತಾರೆ, ಅಲ್ಲಿ ಹೆಂಗಸರು ಹಿಂದೆಯೇ ಕೂರಬೇಕು, ನಿನ್ನೆಯ ಹಾಗೆ ಆಗುವುದು ಬೇಡ. ಕಂಬಳಿ ತೆಗೆದು, ಬಟ್ಟೆ ಒಗೆಸಿ ತೆಳುಮಾಡಿ ಕೊಟ್ಟರೆ ಸಾಕು, ಮಂಕಾದರೂ ಪರವಾಗಿಲ್ಲ. ಮುನಿವೆಂಕಟಯ್ಯ ಹೂಂ ಎಂದರು. ಬಾಗಿಲ ಬಳಿ ಲೋಟಕ್ಕಾಗಿ ನಿಂತಿದ್ದ ಸೊಸೆಯ ಕಡೆ ನೋಡಿ, ಬಿಚ್ಚಿ ಕೊಡ್ತಾಳೆ ಬಿಡು ಎಂದರು.

ಅಂಜಿನಮ್ಮ ಲೋಟಗಳನ್ನು ತೆಗೆದುಕೊಂಡು ಒಳಗೆ ಬಂದಳು. ಪರದೆ ಹಜಾರದ ಗೋಡೆಗೆ ಒರಗಿ, ಬಿದಿರಿನ ಸುತ್ತ ಸುರುಳಿಯಾಗಿ ನಿಂತಿತ್ತು. ಚಿಕ್ಕಬೈರಪ್ಪನ ಮಗಳು ಏಳನೇ ಕ್ಲಾಸು ಓದಿದವಳು. ಅವಳಿಗೂ ತನ್ನ ಮದುವೆಯ ಚಪ್ಪರದಲ್ಲಿ ಅಕ್ಷರಗಳ ಬೆನ್ನು ಕಾಣುತ್ತದೆ.

ಅಂಜಿನಮ್ಮ ಕಂಬಳಿಯ ಅಂಚನ್ನು ಬೆರಳಲ್ಲಿ ಎತ್ತಿ ನೋಡಿದಳು. ಬರಿಯ ದಾರ, ಕುಡುಗೋಲಿನ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಡಬ್ಬಿಯಲ್ಲಿ ಜಾಲಿ ಅಂಟು ಎಷ್ಟು ಉಳಿದಿದೆ ಎಂದು ನೋಡಿದಳು. ಅಂಚಿಗೆ ಸಾಕು, ಇಡೀ ಬೆನ್ನಿಗೆ ಸಾಲದು. ನಾಳೆ ಮಾರಮ್ಮನ ತೋಪಿನ ಕಡೆ ಸೌದೆಗೆ ಹೋದಾಗ ಇನ್ನೊಂದಿಷ್ಟು ಕಿತ್ತು ತರಬೇಕು. ಕುದಿಸಿ, ಒಂದು ಅಂಚು ಬಿಚ್ಚಿ ಎರಡರ ನಡುವೆ ಗಂಜಿಯ ಜೊತೆ ಮಂದವಾಗಿ ಬಳಿದು, ಮೇಲೆ ಒರಳುಕಲ್ಲು ಇಟ್ಟು ಎರಡು ದಿನ ಒಣಗಿಸಿದರೆ ಬಟ್ಟೆಯೂ ಕಂಬಳಿಯೂ ಒಂದೇ ಆಗುತ್ತವೆ. ಆಮೇಲೆ ಬಿಚ್ಚಲು ಬರುವುದಿಲ್ಲ, ಹರಿಯಬೇಕಾಗುತ್ತದೆ. ಅಷ್ಟು ಚೆಂದದ ಪರದೆಯನ್ನು ಹರಿಯಲು ಯಾರಿಗೂ ಕೈ ಬರುವುದಿಲ್ಲ.

ಹೊರಗಿನಿಂದ ಮಾವ, ತಿಂಗಳೊಳಗೆ ಆಯ್ತದಾ ಅಂಜಿನಮ್ಮ ಎಂದು ಕೇಳಿದರು.

"ಆಯ್ತದೆ ಮಾವ," ಎಂದು ಹೇಳಿ, ಅವಳು ಡಬ್ಬಿಯ ಮುಚ್ಚಳ ಹಾಕಿದಳು.